ಗ್ರೀಸಿನ ಯಾವ ದ್ವೀಪಕ್ಕೆ ಹೋಗಬೇಕು? ಪರಂಪರೆಯನ್ನು ಅರಸಿ ಹೊರಡುವವರಿಗೊಂದು ಹೋಲಿಕೆ

ಗ್ರೀಸಿನಲ್ಲಿ ಜನವಸತಿಯಿರುವ ದ್ವೀಪಗಳೇ ಇನ್ನೂರರ ಆಸುಪಾಸಿನಲ್ಲಿವೆ. ಪ್ರವಾಸದ ಜಾಹೀರಾತುಗಳಲ್ಲಿ ಮಾತ್ರ ಅವೆಲ್ಲವೂ ಒಂದೇ ಊರಿನಂತೆ ಕಾಣುತ್ತವೆ: ಸುಣ್ಣ ಬಳಿದ ಗೋಡೆ, ನೀಲಿ ಗುಮ್ಮಟ, ಕೆಳಗೆ ಸಮುದ್ರ. ಆ ನೋಟ ಏಜಿಯನ್ ಸಮುದ್ರದ ನಡುವಿನ ಸಿಕ್ಲಡೀಸ್ ಎಂಬ ದ್ವೀಪಸಮೂಹಕ್ಕೆ ಸೇರಿದ್ದು. ಟರ್ಕಿಯ ಕರಾವಳಿಗೆ ಅಂಟಿಕೊಂಡಂತಿರುವ ರೋಡ್ಸಿನಲ್ಲಾಗಲಿ, ಪಶ್ಚಿಮದ ಅಯೋನಿಯನ್ ಸಮುದ್ರದ ಕೊರ್ಫುವಿನಲ್ಲಾಗಲಿ ಅದನ್ನು ಹುಡುಕಿಕೊಂಡು ಹೋದವರಿಗೆ ನಿರಾಸೆಯೇ ಗತಿ. ಹತ್ತು ಹನ್ನೆರಡು ದಿನಗಳ ರಜೆ ಹೊಂದಿಸಿ, ಷೆಂಗೆನ್ ವೀಸಾ ಪಡೆದು, ಅಷ್ಟು ದೂರದ ವಿಮಾನದ ಖರ್ಚನ್ನು ಹೊತ್ತು ಹೋಗುವವರು ಎರಡು ದ್ವೀಪಗಳನ್ನು ನೆಮ್ಮದಿಯಾಗಿ ನೋಡಬಹುದು; ಮೂರನೆಯದನ್ನು ಸೇರಿಸಿದರೆ ಹಡಗುಕಟ್ಟೆಯಲ್ಲಿ ಕಾಯುವುದರಲ್ಲೇ ಒಂದು ದಿನ ಕಳೆದುಹೋಗುತ್ತದೆ. ಆದುದರಿಂದ ಆಯ್ಕೆ ಎಚ್ಚರದಿಂದ ಆಗಬೇಕು.

ಸಮುದ್ರತೀರ, ಸೂರ್ಯಾಸ್ತ, ಒಳ್ಳೆಯ ಊಟ ಇವು ಎಲ್ಲ ದ್ವೀಪಗಳಲ್ಲೂ ಸಿಗುತ್ತವೆ. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಅವುಗಳ ಚರಿತ್ರೆ. ಆಯ್ಕೆಗೆ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಒಳ್ಳೆಯದು. ನನಗೆ ಯಾವ ಕಾಲವನ್ನು ನೋಡಬೇಕಾಗಿದೆ? ಆ ಕಾಲವನ್ನು ಅಗೆದು ತೆಗೆದ ಅವಶೇಷಗಳಲ್ಲಿ ನೋಡಬೇಕೆ, ಅಥವಾ ಇಂದಿಗೂ ಜನ ಸಂಸಾರ ಮಾಡಿಕೊಂಡಿರುವ ಬೀದಿಗಳಲ್ಲಿ ನೋಡಬೇಕೆ? ಈ ಎರಡರ ಆಧಾರದ ಮೇಲೆ ಸಾಂಟೊರಿನಿ, ಕ್ರೀಟ್, ರೋಡ್ಸ್, ಕೊರ್ಫು, ನಾಕ್ಸೊಸ್ ಈ ಐದನ್ನು ಇಲ್ಲಿ ಹೋಲಿಸಲಾಗಿದೆ.

ಸಾಂಟೊರಿನಿ: ಬೂದಿಯಡಿಯ ಊರು

ಸಾಂಟೊರಿನಿಯ ಹಳೆಯ ಹೆಸರು ಥೀರಾ. ಸುಮಾರು 76 ಚದರ ಕಿಲೋಮೀಟರಿನ ಈ ದ್ವೀಪ ಅರ್ಧಚಂದ್ರಾಕಾರದಲ್ಲಿರುವುದಕ್ಕೆ ಜ್ವಾಲಾಮುಖಿಯೇ ಕಾರಣ. ಕ್ರಿ.ಪೂ. 1600ರ ಆಸುಪಾಸಿನಲ್ಲಿ ನಡೆದ ಮಹಾಸ್ಫೋಟದಲ್ಲಿ ದ್ವೀಪದ ನಡುಭಾಗ ಕುಸಿದು ಅಲ್ಲಿಗೆ ಸಮುದ್ರ ನುಗ್ಗಿತು. ಇಂದು ಫಿರಾ ಮತ್ತು ಇಯಾ ಎಂಬ ಊರುಗಳು ನೇತಾಡುವಂತೆ ನಿಂತಿರುವ ಕಡಿದಾದ ಬಂಡೆಗೋಡೆಗಳು ಆ ಕುಸಿತದ ಅಂಚುಗಳು. ಪ್ರವಾಸಿಗರಲ್ಲಿ ಬಹುಪಾಲು ಜನ ಸಂಜೆ ಇಯಾದಲ್ಲಿ ಸೂರ್ಯಾಸ್ತ ನೋಡಿ ಹೊರಟುಬಿಡುತ್ತಾರೆ. ದ್ವೀಪದ ನಿಜವಾದ ಸಂಪತ್ತು ಇರುವುದು ದಕ್ಷಿಣ ತುದಿಯ ಅಕ್ರೋತಿರಿಯಲ್ಲಿ.

1860ರ ದಶಕದಲ್ಲಿ ಸೂಯೆಜ್ ಕಾಲುವೆಯ ಕಾಮಗಾರಿಗೆ ಬೇಕಾದ ಗಾರೆಗಾಗಿ ಇಲ್ಲಿನ ಜ್ವಾಲಾಮುಖಿ ಬೂದಿಯನ್ನು ಅಗೆದು ಸಾಗಿಸುತ್ತಿದ್ದಾಗ ಅದರ ಕೆಳಗೆ ಪ್ರಾಚೀನ ಗೋಡೆಗಳು ಕಂಡವು. ವಿದ್ವಾಂಸರ ಗಮನ ಇತ್ತ ಹರಿದದ್ದು ಆಗ. ಸ್ಫೋಟಕ್ಕೂ ಕ್ರೀಟಿನ ಮಿನೋವನ್ ಎಂಬ ಪ್ರಾಚೀನ ನಾಗರಿಕತೆಯ ಅವನತಿಗೂ ಸಂಬಂಧವಿರಬಹುದೆಂದು 1939ರಲ್ಲೇ ಬರೆದಿದ್ದ ಗ್ರೀಕ್ ಪುರಾತತ್ತ್ವಜ್ಞ ಸ್ಪಿರಿಡಾನ್ ಮರಿನಾಟೋಸ್ 1967ರಲ್ಲಿ ಅಕ್ರೋತಿರಿಯ ವ್ಯವಸ್ಥಿತ ಉತ್ಖನನವನ್ನು ಆರಂಭಿಸಿದರು, 1974ರಲ್ಲಿ ಆ ಉತ್ಖನನದ ಸ್ಥಳದಲ್ಲೇ ತೀರಿಕೊಂಡರು. ಅವರು ಬೆಳಕಿಗೆ ತಂದದ್ದು ಎರಡು ಮೂರು ಅಂತಸ್ತಿನ ಮನೆಗಳು, ಕಲ್ಲು ಹಾಸಿದ ಬೀದಿಗಳು, ಬೀದಿಯ ಅಡಿಯಲ್ಲಿ ಹರಿಯುವ ಚರಂಡಿಗಳಿರುವ ಒಂದು ಇಡೀ ಪಟ್ಟಣ. ‘ಪಶ್ಚಿಮದ ಮನೆ’ ಎಂದು ಕರೆಯಲಾಗುವ ಕಟ್ಟಡದ ಮಹಡಿಯಲ್ಲಿ ಕಲ್ಲಿನ ಆಸನವಿರುವ ಶೌಚಾಲಯವಿದೆ. ಗೋಡೆಯೊಳಗಿನ ಮಣ್ಣಿನ ಕೊಳವೆಯ ಮೂಲಕ ಅದರ ನೀರು ಬೀದಿಯ ಚರಂಡಿಗೆ ಸೇರುತ್ತಿತ್ತು. ಮೂರೂವರೆ ಸಾವಿರ ವರ್ಷಗಳ ಹಿಂದಿನ ಮಾತಿದು.

ಅಕ್ರೋತಿರಿಯಲ್ಲಿ ಮನುಷ್ಯರ ಶವಗಳು ದೊರೆತಿಲ್ಲ. ಮೊದಲು ಬಂದ ಭೂಕಂಪಗಳ ಎಚ್ಚರಿಕೆಯಿಂದ ಜನ ಊರು ಬಿಟ್ಟಿರಬೇಕು. ಅವರ ಸಾಮಾನುಗಳು ಮಾತ್ರ ಉಳಿದವು. ಮರದ ಪೀಠೋಪಕರಣಗಳು ಕೊಳೆತುಹೋಗಿದ್ದರೂ ಅವುಗಳ ಆಕಾರ ಬೂದಿಯಲ್ಲಿ ಟೊಳ್ಳಾಗಿ ಉಳಿದಿತ್ತು. ಆ ಟೊಳ್ಳಿಗೆ ಜಿಪ್ಸಮ್ ಗಾರೆ ಸುರಿದಾಗ ಮಂಚಗಳೂ ಕುಸುರಿ ಕೆತ್ತನೆಯ ಮೂರು ಕಾಲಿನ ಒಂದು ಮೇಜೂ ಮತ್ತೆ ರೂಪ ತಳೆದವು. ಆ ಮೇಜಿನ ಕಾಲುಗಳ ಬಳುಕನ್ನು ಫಿರಾದ ವಸ್ತುಸಂಗ್ರಹಾಲಯದಲ್ಲಿ ಹತ್ತಿರದಿಂದ ನೋಡಿದರೆ, ಅದನ್ನು ಕೆತ್ತಿದ ಬಡಗಿಯ ಕೈ ಎಷ್ಟು ಪಳಗಿತ್ತೆಂಬುದು ತಿಳಿಯುತ್ತದೆ. ಮನೆಗಳ ಭಿತ್ತಿಚಿತ್ರಗಳಲ್ಲಿ ಬಹಳಷ್ಟು ಅಥೆನ್ಸಿನ ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿವೆ, ಉಳಿದ ಕೆಲವು ಫಿರಾದಲ್ಲಿವೆ. ಅಕ್ರೋತಿರಿಗೆ ಹೋಗುವವರು ಈ ಮೂರನ್ನೂ ಒಂದೇ ಭೇಟಿಯ ಮೂರು ಭಾಗಗಳೆಂದು ಭಾವಿಸಿ, ಅಥೆನ್ಸಿನಲ್ಲಿ ಅರ್ಧ ದಿನವನ್ನಾದರೂ ಇದಕ್ಕಾಗಿ ಮೀಸಲಿಡಬೇಕು.

ಸಾಂಟೊರಿನಿಯ ಬಿಳಿ ಮನೆಗಳಿಗೂ ಒಂದು ಕಥೆಯಿದೆ. ಮರ ಅಪರೂಪವಾಗಿದ್ದ ಈ ನೆಲದಲ್ಲಿ ಬಡವರು ಗಟ್ಟಿಯಾದ ಬೂದಿಯ ಬಂಡೆಯನ್ನೇ ಕೊರೆದು ಗುಹೆಮನೆ ಮಾಡಿಕೊಂಡರು. 1956ರ ಜುಲೈ 9ರ ಭೂಕಂಪದಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತು, ಅನೇಕ ಕುಟುಂಬಗಳು ದ್ವೀಪವನ್ನೇ ತೊರೆದವು. ಹೀಗೆ ಪಾಳುಬಿದ್ದ ಗುಹೆಮನೆಗಳು ಮುಂದೆ ಪ್ರವಾಸಿಗರ ಬಾಡಿಗೆ ಕೋಣೆಗಳಾದವು. ಬಂಡೆಯ ಅಂಚಿನ ದುಬಾರಿ ಕೋಣೆಗಳಲ್ಲಿ ಅನೇಕವು ಒಂದು ಕಾಲದ ಬಡವರ ಮನೆಗಳು. ಈ ನೆಲ ಇಂದಿಗೂ ಶಾಂತವಾಗಿಲ್ಲ: 2025ರ ಫೆಬ್ರವರಿಯಲ್ಲಿ ಸರಣಿ ಕಂಪನಗಳಿಂದಾಗಿ ಸಾವಿರಾರು ಜನ ತಾತ್ಕಾಲಿಕವಾಗಿ ದ್ವೀಪ ಬಿಟ್ಟು ಹೋಗಬೇಕಾಯಿತು.

ಜೀವಂತ ಊರಿನ ದೃಷ್ಟಿಯಿಂದ ನೋಡಿದರೆ ಐದರಲ್ಲಿ ಸಾಂಟೊರಿನಿಯೇ ಹಿಂದುಳಿಯುತ್ತದೆಂಬುದು ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ವಿಹಾರದ ಹಡಗುಗಳಿಂದ ಒಮ್ಮೆಗೆ ಸಾವಿರಾರು ಮಂದಿ ಇಳಿದಾಗ ಇಯಾದ ಓಣಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಈ ಒತ್ತಡವನ್ನು ತಗ್ಗಿಸಲೆಂದೇ ಗ್ರೀಕ್ ಸರ್ಕಾರ 2025ರಿಂದ ಹಡಗಿನ ಪ್ರವಾಸಿಗರ ಮೇಲೆ ಶುಲ್ಕ ವಿಧಿಸಿದೆ. ಎರಡು ರಾತ್ರಿ ಸಾಕು. ಇಯಾದ ಬದಲು ಒಳನಾಡಿನ ಪಿರ್ಗೋಸ್ ಎಂಬ ಬೆಟ್ಟದೂರಿನಲ್ಲಿ ತಂಗಿದರೆ ಖರ್ಚೂ ಗದ್ದಲವೂ ಕಡಿಮೆ. ದಾರಿಯಲ್ಲಿ ದ್ರಾಕ್ಷಿ ತೋಟಗಳನ್ನು ನೋಡಲು ಮರೆಯಬಾರದು: ಬಿರುಗಾಳಿಯಿಂದ ಕಾಯಿಗಳನ್ನು ಕಾಪಾಡಲು ಇಲ್ಲಿನ ರೈತರು ಬಳ್ಳಿಯನ್ನು ಚಪ್ಪರಕ್ಕೆ ಏರಿಸದೆ, ನೆಲದ ಮೇಲೆಯೇ ಬುಟ್ಟಿಯಂತೆ ಸುತ್ತಿ, ಗೊನೆಗಳು ಬುಟ್ಟಿಯೊಳಗೆ ಬೆಳೆಯುವಂತೆ ಮಾಡುತ್ತಾರೆ.

ಕ್ರೀಟ್: ಒಂದು ವಾರ ಬೇಡುವ ನಾಡು

ಕ್ರೀಟ್ ಗ್ರೀಸಿನ ಅತಿದೊಡ್ಡ ದ್ವೀಪ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್ ಉದ್ದ, ಎರಡು ಸಾವಿರದ ನಾಲ್ಕುನೂರು ಮೀಟರಿಗೂ ಎತ್ತರದ ಶಿಖರಗಳು. ಎರಡು ದಿನಗಳಲ್ಲಿ ನೋಡಿ ಮುಗಿಸುತ್ತೇವೆಂದು ಹೊರಟವರು ಕ್ನೋಸೊಸ್ ಅರಮನೆಯನ್ನು ಬಿಸಿಲಿನಲ್ಲಿ ಸುತ್ತಿ ದಣಿದು ಹಿಂತಿರುಗುತ್ತಾರೆ. ಕನಿಷ್ಠ ಆರೇಳು ದಿನ ಕೊಡಲಾಗದಿದ್ದರೆ ಕ್ರೀಟನ್ನು ಮತ್ತೊಂದು ಸಲಕ್ಕೆ ಬಿಡುವುದೇ ಮೇಲು.

ಯುರೋಪಿನ ಮೊದಲ ಅರಮನೆಗಳನ್ನು ಕಟ್ಟಿದ ಮಿನೋವನ್ನರ ನಾಡು ಇದು. ಕ್ನೋಸೊಸ್, ಫೈಸ್ಟೊಸ್, ಮಾಲಿಯಾ, ಜಾಕ್ರೊಸ್ ಸೇರಿದಂತೆ ಆರು ಮಿನೋವನ್ ಅರಮನೆ ನೆಲೆಗಳನ್ನು ಯುನೆಸ್ಕೊ 2025ರ ಜುಲೈಯಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕ್ನೋಸೊಸಿನಲ್ಲಿ 1878ರಲ್ಲಿಯೇ ಕ್ರೀಟಿನ ಮುಖ್ಯ ನಗರವಾದ ಹೆರಾಕ್ಲಿಯೊನಿನ ವರ್ತಕ ಮಿನೋಸ್ ಕಲೊಕೆರಿನೋಸ್ ಅಗೆತ ನಡೆಸಿದ್ದರೂ, ಕೀರ್ತಿ ಸಂದದ್ದು 1900ರಲ್ಲಿ ಕೆಲಸ ಆರಂಭಿಸಿದ ಇಂಗ್ಲಿಷ್ ಪುರಾತತ್ತ್ವಜ್ಞ ಆರ್ಥರ್ ಇವಾನ್ಸರಿಗೆ. ಇವಾನ್ಸ್ ಅಗೆದು ಬಿಡಲಿಲ್ಲ, ಕಟ್ಟಿಯೂ ಕಟ್ಟಿದರು. ಕೆಳಗೆ ಸಪೂರ, ಮೇಲೆ ದಪ್ಪವಾಗಿರುವ ಕೆಂಪು ಕಂಬಗಳು, ಮಹಡಿಗಳು, ಗೋಡೆಯ ಚಿತ್ರಗಳು ಇವುಗಳಲ್ಲಿ ಬಹುಪಾಲು ಇಪ್ಪತ್ತನೆಯ ಶತಮಾನದ ಕಾಂಕ್ರೀಟು ಮತ್ತು ಬಣ್ಣ. ಸಿಂಹಾಸನದ ಕೋಣೆಯ ಕಲ್ಲಿನ ಪೀಠ ಮಾತ್ರ ತನ್ನ ಮೂಲ ಜಾಗದಲ್ಲೇ ಇದೆ. ಅದರ ಇಕ್ಕೆಲದ ಚಿತ್ರಗಳು ಪುನಃ ಬರೆದವು. ಹೀಗೆ ಮಾಡಿದ್ದು ಸರಿಯೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಸಾಮಾನ್ಯ ನೋಡುಗನಿಗೆ ಅರಮನೆಯ ಎತ್ತರವೂ ಬೆಳಕೂ ಅರ್ಥವಾಗುವುದು ಇವಾನ್ಸರ ಕಾಂಕ್ರೀಟಿನಿಂದಲೇ ಎಂಬುದನ್ನು ಒಪ್ಪಬೇಕು; ಆದರೆ ಯಾವುದು ಮೂಲ, ಯಾವುದು ಊಹೆ ಎಂದು ತಿಳಿದ ಮಾರ್ಗದರ್ಶಿಯಿಲ್ಲದೆ ಒಳಗೆ ಹೋಗಬಾರದು.

ಇದಕ್ಕೆ ವಿರುದ್ಧವಾಗಿ, ದಕ್ಷಿಣದ ಮೆಸಾರಾ ಬಯಲಿನ ಮೇಲೆ ನಿಂತ ಫೈಸ್ಟೊಸಿನಲ್ಲಿ ಅಂತಹ ಪುನರ್ನಿರ್ಮಾಣವಿಲ್ಲ. ಅಗಲವಾದ ಕಲ್ಲಿನ ಮೆಟ್ಟಿಲು, ತೆರೆದ ಅಂಗಳ, ಸುತ್ತ ಬೆಟ್ಟ. ನನ್ನನ್ನು ಕೇಳಿದರೆ ಎರಡರಲ್ಲಿ ಒಂದನ್ನೇ ಆರಿಸಬೇಕಾದವರು ಫೈಸ್ಟೊಸನ್ನು ಆರಿಸಬೇಕು. ಪ್ರಸಿದ್ಧವಾದ ಫೈಸ್ಟೊಸ್ ಬಿಲ್ಲೆ 1908ರಲ್ಲಿ ದೊರೆತದ್ದು ಇಲ್ಲಿಯೇ. ಈಗ ಹೆರಾಕ್ಲಿಯೊನ್ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿರುವ ಅದು ಅಂಗೈಗಿಂತ ಸ್ವಲ್ಪ ದೊಡ್ಡದಾದ, ಸುಮಾರು 16 ಸೆಂಟಿಮೀಟರ್ ಅಗಲದ ಸುಟ್ಟ ಜೇಡಿಮಣ್ಣಿನ ಬಿಲ್ಲೆ. ಎರಡೂ ಬದಿಗಳಲ್ಲಿ ಸುರುಳಿಯಾಗಿ ಸಾಗುವ ಗೀಟುಗಳ ನಡುವೆ ಜುಟ್ಟಿನ ತಲೆ, ನಡೆಯುವ ಮನುಷ್ಯ, ಮೀನು, ಗುರಾಣಿ ಹೀಗೆ 45 ಬಗೆಯ ಚಿಹ್ನೆಗಳು. ಅವುಗಳನ್ನು ಕೈಯಿಂದ ಗೀಚಿದ್ದಲ್ಲ, ಹಸಿಮಣ್ಣಿನ ಮೇಲೆ ಒಂದೊಂದು ಅಚ್ಚಿನಿಂದ ಒತ್ತಿದ್ದು. ಅದರಲ್ಲಿ ಏನಿದೆಯೆಂದು ಎಲ್ಲರೂ ಒಪ್ಪುವಂತೆ ಓದಿದವರು ಇನ್ನೂ ಇಲ್ಲ.

ಕ್ರೀಟಿನ ಹೆಚ್ಚುಗಾರಿಕೆಯೆಂದರೆ ಅದು ಒಂದೇ ಕಾಲಕ್ಕೆ ನಿಲ್ಲುವುದಿಲ್ಲ. ಹದಿಮೂರನೆಯ ಶತಮಾನದ ಆರಂಭದಿಂದ ವೆನಿಸ್ ಇಲ್ಲಿ ಆಳಿತು. ಹೆರಾಕ್ಲಿಯೊನ್ ನಗರ 1648ರಿಂದ 1669ರವರೆಗೆ ಇಪ್ಪತ್ತೊಂದು ವರ್ಷ ಒಟ್ಟೊಮನ್ ಟರ್ಕರ ಮುತ್ತಿಗೆಯನ್ನು ತಡೆದು ನಿಂತು ಕೊನೆಗೆ ಸೋತಿತು. ದ್ವೀಪ ಗ್ರೀಸಿಗೆ ಸೇರಿದ್ದು 1913ರಲ್ಲಿ. ಹಾನಿಯಾ ಮತ್ತು ರೆಥಿಮ್ನೊ ಎಂಬ ಊರುಗಳಲ್ಲಿ ವೆನಿಸಿನ ಬಂದರು, ಟರ್ಕರ ಮಸೀದಿ, ಗ್ರೀಕರ ಚರ್ಚು ಇವೆಲ್ಲ ಒಂದೇ ಸಂಜೆಯ ನಡಿಗೆಯಲ್ಲಿ ಸಿಗುತ್ತವೆ. ಒಟ್ಟೊಮನ್ನರ ವಿರುದ್ಧದ 1866ರ ದಂಗೆಯಲ್ಲಿ ಶರಣಾಗುವ ಬದಲು ಮದ್ದಿನ ಕೋಣೆಗೆ ಬೆಂಕಿಯಿಟ್ಟು ನೂರಾರು ಜನ ಪ್ರಾಣ ತೆತ್ತ ಅರ್ಕಾಡಿ ಮಠ ರೆಥಿಮ್ನೊದಿಂದ ದೂರವಿಲ್ಲ. ಪೂರ್ವದಲ್ಲಿರುವ ಸ್ಪಿನಲೋಂಗಾ ಎಂಬ ಪುಟ್ಟ ಕೋಟೆ ದ್ವೀಪ 1957ರವರೆಗೂ ಕುಷ್ಠರೋಗಿಗಳನ್ನು ಸಮಾಜದಿಂದ ದೂರವಿಡುವ ತಾಣವಾಗಿತ್ತು. ಅಲ್ಲಿ ರೋಗಿಗಳೇ ನಡೆಸುತ್ತಿದ್ದ ಅಂಗಡಿಗಳ ಸಾಲು ಇಂದಿಗೂ ಇದೆ. ಅಲ್ಲಿ ನಗುತ್ತ ಚಿತ್ರ ತೆಗೆಸಿಕೊಳ್ಳುವವರನ್ನು ಕಂಡರೆ ನೋವಾಗುತ್ತದೆ.

ರೋಡ್ಸ್: ಯೋಧ ಸನ್ಯಾಸಿಗಳ ನಗರ

ಮಧ್ಯಯುಗವನ್ನು ನೋಡಬೇಕೆಂದರೆ ರೋಡ್ಸಿಗೆ ಸಾಟಿಯಿಲ್ಲ. ಜೆರೂಸಲೇಮಿನಿಂದ ಹೊರಬಿದ್ದ ಸೇಂಟ್ ಜಾನ್ ಪಂಗಡದ ಯೋಧ ಸನ್ಯಾಸಿಗಳು 1309ರಿಂದ 1522ರವರೆಗೆ ಇಲ್ಲಿ ನೆಲೆಸಿ ಸುಮಾರು ನಾಲ್ಕು ಕಿಲೋಮೀಟರ್ ಸುತ್ತಳತೆಯ ಕೋಟೆಯನ್ನು ಬಲಪಡಿಸಿದರು. ಒಟ್ಟೊಮನ್ ಸುಲ್ತಾನ ಸುಲೇಮಾನ್ ಆರು ತಿಂಗಳ ಮುತ್ತಿಗೆಯ ನಂತರ ಅವರನ್ನು ಸೋಲಿಸಿ, ಗೌರವದಿಂದ ಹಡಗು ಹತ್ತಿ ಹೋಗಲು ಬಿಟ್ಟ. ಅವರು ಮುಂದೆ ಮಾಲ್ಟಾದಲ್ಲಿ ನೆಲೆಯೂರಿದರು. ಕೋಟೆಯೊಳಗಿನ ಹಳೆಯ ಪಟ್ಟಣವನ್ನು ಯುನೆಸ್ಕೊ 1988ರಲ್ಲಿ ಗುರುತಿಸಿತು, ಮತ್ತು ಇಂದಿಗೂ ಅಲ್ಲಿ ಜನರು ಸಂಸಾರ ಮಾಡಿಕೊಂಡಿದ್ದಾರೆ. ಬೆಲೆ ಬಾಳುವುದು ಇದೇ.

‘ಯೋಧರ ಬೀದಿ’ಗೆ ಬೆಳಗಿನ ಏಳು ಗಂಟೆಯೊಳಗೆ ಹೋಗಬೇಕು. ಉರುಟು ಕಲ್ಲುಗಳನ್ನು ನಿಲ್ಲಿಸಿ ಜೋಡಿಸಿದ ಏರುದಾರಿ, ಎರಡೂ ಕಡೆ ಮುಚ್ಚಿದ ಮುಖದ ಕಲ್ಲಿನ ಛತ್ರಗಳು. ಬೇರೆ ಬೇರೆ ದೇಶಗಳಿಂದ ಬಂದ ಯೋಧರು ತಮ್ಮ ತಮ್ಮ ಭಾಷೆಯ ಪ್ರಕಾರ ಗುಂಪುಗಳಾಗಿ ಈ ಛತ್ರಗಳಲ್ಲಿ ಸೇರುತ್ತಿದ್ದರು, ಮತ್ತು ಪ್ರತಿ ಗುಂಪಿನ ಲಾಂಛನ ಗೋಡೆಯ ಅಮೃತಶಿಲೆಯ ಫಲಕದಲ್ಲಿದೆ. ಬೀದಿಯ ತುದಿಯಲ್ಲಿರುವ, ಯೋಧರ ಮುಖ್ಯಸ್ಥನ ಅರಮನೆಯ ಬಗ್ಗೆ ಮಾತ್ರ ಒಂದು ವಿಷಯ ತಿಳಿದಿರಬೇಕು: ಮೂಲ ಕಟ್ಟಡ 1856ರ ಮದ್ದಿನ ಸ್ಫೋಟದಲ್ಲಿ ಹಾಳಾಯಿತು. ಈಗ ಕಾಣುವುದರಲ್ಲಿ ಹೆಚ್ಚಿನದು ದ್ವೀಪವನ್ನು ಆಳುತ್ತಿದ್ದ ಇಟಲಿಯವರು 1930ರ ದಶಕದ ಕೊನೆಯಲ್ಲಿ ಕಟ್ಟಿದ್ದು. ಅದಕ್ಕಿಂತ ನಿಜವಾದದ್ದು ಯೋಧರ ಹಳೆಯ ಆಸ್ಪತ್ರೆ. ಪುರಾತತ್ತ್ವ ವಸ್ತುಸಂಗ್ರಹಾಲಯ ಈಗ ಅಲ್ಲಿದೆ.

ಹಳೆಯ ಪಟ್ಟಣದ ಪೂರ್ವ ಭಾಗದ ಯಹೂದಿ ಕೇರಿಗೆ ಹೋಗದೆ ರೋಡ್ಸ್ ಬಿಡಬಾರದು. ಗ್ರೀಸಿನಲ್ಲಿ ಉಳಿದಿರುವ ಅತಿ ಹಳೆಯ ಯಹೂದಿ ಪ್ರಾರ್ಥನಾಮಂದಿರ, 1577ರ ಕಹಾಲ್ ಶಾಲೋಮ್, ಅಲ್ಲಿದೆ. 1944ರ ಜುಲೈಯಲ್ಲಿ ನಾಜಿ ಸೇನೆ ಇಲ್ಲಿನ ಯಹೂದಿ ಸಮುದಾಯವನ್ನು ಹಡಗಿನಲ್ಲಿ ತುಂಬಿ, ಸಾಮೂಹಿಕ ಹತ್ಯೆಯ ಶಿಬಿರವಿದ್ದ ಆಷ್‌ವಿಟ್ಸಿಗೆ ಸಾಗಿಸಿತು. ಮರಳಿ ಬಂದವರು ಬೆರಳೆಣಿಕೆಯಷ್ಟು. ಕೆಲವೇ ಹೆಜ್ಜೆಗಳ ಆಚೆಯ ಚೌಕದಲ್ಲಿ ಅವರ ಸ್ಮಾರಕವಿದೆ.

ಪ್ರಾಚೀನ ಜಗತ್ತಿನ ಸಪ್ತ ಅದ್ಭುತಗಳಲ್ಲೊಂದಾದ ಕೊಲೊಸಸ್ ಪ್ರತಿಮೆಯನ್ನು ನೆನೆದು ಇಲ್ಲಿಗೆ ಬರುವವರು ಬಹಳ. ಸುಮಾರು 33 ಮೀಟರ್ ಎತ್ತರದ ಆ ಸೂರ್ಯದೇವನ ಕಂಚಿನ ಮೂರ್ತಿ ಕ್ರಿ.ಪೂ. 226ರ ಭೂಕಂಪದಲ್ಲಿ ಬಿದ್ದುಹೋಯಿತು, ಇಂದು ಅದರ ಚೂರೂ ಉಳಿದಿಲ್ಲ. ಬಂದರಿನ ಎರಡೂ ಬದಿಗೆ ಕಾಲಿಟ್ಟು ನಿಂತಿತ್ತೆಂಬುದು ಮುಂದಿನ ಕಾಲದವರ ಕಲ್ಪನೆ. ಪ್ರಾಚೀನ ರೋಡ್ಸನ್ನು ಕಾಣಲು ಲಿಂಡೋಸಿಗೆ ಹೋಗುವುದು ಸರಿ. ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ ಅಥೀನಾ ದೇವಿಯ ಗುಡಿಯ ಕಂಬಗಳಿವೆ, ಹತ್ತುವ ದಾರಿಯಲ್ಲಿ ಬಂಡೆಯಲ್ಲೇ ಕೆತ್ತಿದ ಯುದ್ಧನೌಕೆಯ ಹಿಂಭಾಗವಿದೆ. ರೋಡ್ಸಿಗೆ ನಾಲ್ಕು ದಿನ ಬೇಕು.

ಕೊರ್ಫು: ನಮಗೊಂದು ಎಳೆಯಿರುವ ದ್ವೀಪ

ಗ್ರೀಸಿನ ಬಹುಭಾಗ ಒಟ್ಟೊಮನ್ನರ ಆಳ್ವಿಕೆಗೆ ಒಳಪಟ್ಟಿದ್ದಾಗ ಕೊರ್ಫು 1386ರಿಂದ 1797ರವರೆಗೆ ವೆನಿಸಿನ ಕೈಯಲ್ಲಿತ್ತು. ಆದ್ದರಿಂದ ಊರಿನ ಮುಖವೇ ಬೇರೆ. ಕೋಟೆಯ ಗೋಡೆಯೊಳಗೆ ಜಾಗ ಸಾಲದೆ ಜನರು ಮನೆಗಳನ್ನು ಮೇಲಕ್ಕೆ ಬೆಳೆಸಿದರು. ಕಂಪಿಯೆಲ್ಲೊ ಎಂಬ ಹಳೆಯ ಕೇರಿಯ ಇಕ್ಕಟ್ಟಾದ ಓಣಿಗಳಲ್ಲಿ ಒಂದು ಮನೆಯ ಮಹಡಿಯಿಂದ ಎದುರು ಮನೆಗೆ ಕಟ್ಟಿದ ಹಗ್ಗಗಳಲ್ಲಿ ಇಂದಿಗೂ ಬಟ್ಟೆ ಒಣಗುತ್ತಿರುತ್ತದೆ. ಹಳೆಯ ಪಟ್ಟಣ 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

1815ರಿಂದ 1864ರವರೆಗೆ ಬ್ರಿಟಿಷರ ರಕ್ಷಣೆಯಲ್ಲಿದ್ದ ಈ ದ್ವೀಪದಲ್ಲಿ ಕನ್ನಡಿಗರಿಗೆ ಒಂದು ಅನಿರೀಕ್ಷಿತ ನಂಟು ಎದುರಾಗುತ್ತದೆ. ಬ್ರಿಟಿಷರು ಕಟ್ಟಿದ ಸೇಂಟ್ ಮೈಕಲ್ ಮತ್ತು ಸೇಂಟ್ ಜಾರ್ಜ್ ಅರಮನೆಯ ಮುಂದೆ ಸರ್ ಫ್ರೆಡರಿಕ್ ಆಡಮ್ ಎಂಬ ಆಡಳಿತಾಧಿಕಾರಿಯ ಪ್ರತಿಮೆ ನಿಂತಿದೆ. ಇಲ್ಲಿನ ಅಧಿಕಾರ ಮುಗಿಸಿ ಅವನು ಹೋದದ್ದು ಮದರಾಸಿಗೆ. 1832ರಿಂದ 1837ರವರೆಗೆ ಅಲ್ಲಿ ಗವರ್ನರ್ ಆಗಿದ್ದ. ಬಳ್ಳಾರಿ, ಮಂಗಳೂರು ಆಗ ಮದರಾಸಿನ ಆಡಳಿತಕ್ಕೆ ಸೇರಿದ್ದವು. ಅದೇ ಅರಮನೆಯಲ್ಲಿ ಈಗ ಏಷ್ಯಾದ ಕಲೆಯ ವಸ್ತುಸಂಗ್ರಹಾಲಯವಿದ್ದು, ಚೀನಾ ಮತ್ತು ಜಪಾನಿನ ದೊಡ್ಡ ಸಂಗ್ರಹದ ಜೊತೆಗೆ ಭಾರತದ ಶಿಲ್ಪಗಳೂ ಇವೆ. ಎದುರಿನ ಸ್ಪಿಯನಾಡಾ ಮೈದಾನದಲ್ಲಿ ಬ್ರಿಟಿಷ್ ಸೈನಿಕರು ಆಡಿದ ಕ್ರಿಕೆಟ್ಟನ್ನು ದ್ವೀಪದವರು ತಮ್ಮದಾಗಿಸಿಕೊಂಡರು. ಗ್ರೀಸಿನ ಕ್ರಿಕೆಟ್ಟಿನ ಕೇಂದ್ರ ಇಂದಿಗೂ ಕೊರ್ಫುವೇ.

ದ್ವೀಪದ ರಕ್ಷಕ ಸಂತ ಸ್ಪಿರಿಡೋನನ ದೇಹವನ್ನು ವರ್ಷಕ್ಕೆ ನಾಲ್ಕು ಬಾರಿ ಮೆರವಣಿಗೆಯಲ್ಲಿ ಹೊರತರುತ್ತಾರೆ. ಆಗಸ್ಟ್ 11ರ ಮೆರವಣಿಗೆ 1716ರ ಒಟ್ಟೊಮನ್ ಮುತ್ತಿಗೆಯಿಂದ ಪಾರಾದುದರ ಸ್ಮರಣೆ. ಈಸ್ಟರ್ ಮುನ್ನಾದಿನದ ಶನಿವಾರ ಬೆಳಿಗ್ಗೆ ಮನೆಗಳ ಮಹಡಿಗಳಿಂದ ನೀರು ತುಂಬಿದ ದೊಡ್ಡ ಮಣ್ಣಿನ ಮಡಕೆಗಳನ್ನು ಬೀದಿಗೆ ಎಸೆದು ಒಡೆಯುವ ಪದ್ಧತಿಯೂ ಇದೆ. ಇದನ್ನು ನೋಡಬಯಸುವವರು ಗ್ರೀಕ್ ಆರ್ಥಡಾಕ್ಸ್ ಪಂಚಾಂಗದ ಈಸ್ಟರ್ ದಿನಾಂಕವನ್ನು ಪರಿಶೀಲಿಸಬೇಕು. ನಮ್ಮ ಕ್ಯಾಲೆಂಡರಿನ ಈಸ್ಟರಿಗೂ ಅದಕ್ಕೂ ಎಷ್ಟೋ ವರ್ಷ ವಾರಗಳ ಅಂತರವಿರುತ್ತದೆ.

ನಾಕ್ಸೊಸ್ ಮತ್ತು ಅದರ ನೆರೆಯ ಡೆಲೋಸ್

ಬಿಳಿ ಊರೂ ಬೇಕು, ನೂಕುನುಗ್ಗಲೂ ಬೇಡ ಎನ್ನುವವರಿಗೆ ನಾಕ್ಸೊಸ್ ಹೇಳಿ ಮಾಡಿಸಿದಂತಿದೆ. ಸಿಕ್ಲಡೀಸಿನಲ್ಲಿ ಅತಿದೊಡ್ಡದಾದ ಈ ದ್ವೀಪದ ಜನ ಆಲೂಗಡ್ಡೆ ಬೆಳೆದು, ಚೀಸ್ ಮಾಡಿ ಬದುಕಬಲ್ಲವರು, ಪ್ರವಾಸೋದ್ಯಮವೊಂದನ್ನೇ ನಂಬಿದವರಲ್ಲ. ಬಂದರಿನ ಬಾಯಲ್ಲೇ ಪೋರ್ಟಾರಾ ಎಂಬ ಅಮೃತಶಿಲೆಯ ದೈತ್ಯ ಬಾಗಿಲುವಾಡ ಒಂಟಿಯಾಗಿ ನಿಂತಿದೆ. ಕ್ರಿ.ಪೂ. ಆರನೆಯ ಶತಮಾನದಲ್ಲಿ ಲಿಗ್ಡಮಿಸ್ ಎಂಬ ಅರಸ ಆರಂಭಿಸಿ ಮುಗಿಸಲಾಗದೆ ಬಿಟ್ಟ ಗುಡಿಯ ಭಾಗ ಅದು. ಉತ್ತರದ ಅಪೊಲ್ಲೊನಾಸಿನ ಕಲ್ಲುಗಣಿಯಲ್ಲಿ ಹತ್ತು ಮೀಟರಿಗೂ ಉದ್ದದ, ಅರೆಬರೆ ಕೆತ್ತಿದ ಮೂರ್ತಿಯೊಂದು ಇಂದಿಗೂ ಮಲಗಿದ್ದಲ್ಲೇ ಇದೆ.

ಬೇಸಿಗೆಯಲ್ಲಿ ನಾಕ್ಸೊಸಿನಿಂದ, ಅಥವಾ ಇನ್ನೂ ಸುಲಭವಾಗಿ ನೆರೆಯ ಮಿಕೊನೊಸ್ ದ್ವೀಪದಿಂದ, ದೋಣಿಯಲ್ಲಿ ಡೆಲೋಸಿಗೆ ಹೋಗಿ ಬರಬಹುದು. ಅಪೊಲ್ಲೊ ದೇವರು ಹುಟ್ಟಿದ ನೆಲವೆಂದು ಗ್ರೀಕರು ನಂಬಿದ್ದ ಈ ದ್ವೀಪದಲ್ಲಿ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು ಎಂದು ಅಥೆನ್ಸಿನವರು ಕ್ರಿ.ಪೂ. 426ರಲ್ಲಿ ವಿಧಿಸಿ, ಹಳೆಯ ಗೋರಿಗಳನ್ನೂ ತೆರವುಗೊಳಿಸಿದರು. ಇಂದಿಗೂ ಪ್ರವಾಸಿಗರು ರಾತ್ರಿ ಅಲ್ಲಿ ಉಳಿಯುವಂತಿಲ್ಲ. ನೆರಳಿಲ್ಲ, ಆದುದರಿಂದ ಟೋಪಿ ಮತ್ತು ನೀರಿನ ಬಾಟಲಿ ಮರೆಯಬಾರದು.

ಊಟ, ಹಡಗು, ಋತು

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಸಾಂಟೊರಿನಿಯ ‘ಫಾವಾ’ ಬೇಳೆಯನ್ನು ಬೇಯಿಸಿ, ಮಸೆದು, ಮೇಲೆ ಆಲಿವ್ ಎಣ್ಣೆ ಮತ್ತು ಈರುಳ್ಳಿ ಹಾಕಿ ಕೊಡುತ್ತಾರೆ. ಸಸ್ಯಶಾಸ್ತ್ರದ ಪ್ರಕಾರ ಅದು ನಮ್ಮ ಕೇಸರಿ ಬೇಳೆಯ ಹತ್ತಿರದ ಬಂಧು, ಮತ್ತು ಅಕ್ರೋತಿರಿಯ ಅವಶೇಷಗಳಲ್ಲೂ ಇದೇ ಕಾಳು ದೊರೆತಿದೆ. ಕ್ರೀಟಿನಲ್ಲಿ ಬಾರ್ಲಿಯ ಗಟ್ಟಿ ರೊಟ್ಟಿಯ ಮೇಲೆ ಟೊಮೆಟೊ ಮತ್ತು ಮೃದುವಾದ ಚೀಸ್ ಹಾಕಿದ ‘ದಾಕೋಸ್’, ಬೇಯಿಸಿದ ಕಾಡುಸೊಪ್ಪು, ಅಕ್ಕಿ ತುಂಬಿದ ಟೊಮೆಟೊ ಎಲ್ಲೆಡೆ ಸಿಗುತ್ತವೆ. ಚರ್ಚಿನ ಉಪವಾಸದ ಅಡುಗೆಗೆ ‘ನಿಸ್ತಿಸಿಮೊ’ ಎನ್ನುತ್ತಾರೆ. ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲವಾದರೂ ಸಿಗಡಿ ಮತ್ತು ಆಕ್ಟೋಪಸ್ ಇರಬಹುದು, ಕೇಳಿಯೇ ತಿನ್ನಬೇಕು. ಅಕ್ಕಿ ತುಂಬಿದ ತರಕಾರಿಯಲ್ಲೂ ಕೆಲವೊಮ್ಮೆ ಖೀಮಾ ಸೇರಿಸುತ್ತಾರೆ.

ಜೋಡಿ ಆರಿಸುವಾಗ ನಕ್ಷೆಯ ಜೊತೆಗೆ ಹಡಗಿನ ದಾರಿಯನ್ನೂ ನೋಡಬೇಕು. ಬೇಸಿಗೆಯಲ್ಲಿ ಹೆರಾಕ್ಲಿಯೊನಿನಿಂದ ಸಾಂಟೊರಿನಿಗೆ ವೇಗದ ಹಡಗು ಎರಡು ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತದೆ. ಕಂಚಿನ ಯುಗದ ಒಂದೇ ಕಥೆಯನ್ನು ಎರಡು ಕಡೆಯಿಂದ ಓದಿಸುವ ಈ ಜೋಡಿಯನ್ನು ಮೊದಲ ಸಲ ಹೋಗುವವರಿಗೆ ನಾನು ಎಲ್ಲಕ್ಕಿಂತ ಮೊದಲು ಶಿಫಾರಸು ಮಾಡುತ್ತೇನೆ: ಕ್ರೀಟಿಗೆ ಏಳು ದಿನ, ಸಾಂಟೊರಿನಿಗೆ ಎರಡು. ಸಾಂಟೊರಿನಿಯ ಬೆಲೆ ಭಾರವೆನಿಸಿದವರು ನಾಕ್ಸೊಸನ್ನು ಸೇರಿಸಿಕೊಳ್ಳಲಿ. ರೋಡ್ಸಿಗೆ ಅಥೆನ್ಸಿನ ಪಿರೇಯಸ್ ಬಂದರಿನಿಂದ ಹಡಗಿನಲ್ಲಿ ಹನ್ನೆರಡು ಗಂಟೆಗೂ ಹೆಚ್ಚು ಬೇಕು, ವಿಮಾನವೇ ವಾಸಿ. ಕೊರ್ಫು ಗ್ರೀಸಿನ ಇನ್ನೊಂದು ಮಗ್ಗುಲಿನಲ್ಲಿರುವುದರಿಂದ ಏಜಿಯನ್ ದ್ವೀಪಗಳೊಡನೆ ಅದನ್ನು ಹಡಗಿನಲ್ಲಿ ಹೊಂದಿಸಲಾಗದು. ಎದುರಿನ ಮುಖ್ಯಭೂಮಿಯ ಇಗುಮೆನಿತ್ಸಾ ಬಂದರಿನ ಮೂಲಕ ಉತ್ತರ ಗ್ರೀಸಿನೊಡನೆ ಹೊಂದಿಸುವುದು ಸಲೀಸು.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಏಜಿಯನ್ನಿನಲ್ಲಿ ಬೀಸುವ ‘ಮೆಲ್ತೆಮಿ’ ಎಂಬ ಉತ್ತರದ ಗಾಳಿ ಜೋರಾದರೆ ಹಡಗುಗಳು ನಿಲ್ಲುತ್ತವೆ. ಊರಿಗೆ ಮರಳುವ ವಿಮಾನದ ಹಿಂದಿನ ರಾತ್ರಿ ಅಥೆನ್ಸಿನಲ್ಲಿರುವಂತೆ ನೋಡಿಕೊಳ್ಳಬೇಕು. ಮೇ ತಿಂಗಳು ಮತ್ತು ಸೆಪ್ಟೆಂಬರಿನ ಕೊನೆಯಿಂದ ಅಕ್ಟೋಬರಿನ ನಡುವಿನ ಕಾಲ ಅವಶೇಷಗಳಲ್ಲಿ ನಡೆದಾಡಲು ಹಿತವಾಗಿರುತ್ತವೆ. ಚಳಿಗಾಲದಲ್ಲೇ ರಜೆ ಸಿಗುವವರು ಹೆರಾಕ್ಲಿಯೊನ್, ಹಾನಿಯಾ, ರೋಡ್ಸ್ ಪಟ್ಟಣ, ಕೊರ್ಫು ಪಟ್ಟಣ ಇವುಗಳನ್ನು ಆರಿಸಬೇಕು. ಅವು ವರ್ಷವಿಡೀ ಎಚ್ಚರವಾಗಿರುವ ಊರುಗಳು.

ತಂದೆತಾಯಿಯರನ್ನು ಕರೆದುಕೊಂಡು ಹೋಗುವವರು ಕಾಲಿನ ಲೆಕ್ಕವನ್ನೂ ಹಾಕಬೇಕು. ರೋಡ್ಸಿನ ಉರುಟು ಕಲ್ಲಿನ ಬೀದಿಗಳು, ಲಿಂಡೋಸಿನ ಏರು, ಇಯಾದ ಮೆಟ್ಟಿಲುಗಳು ಮೊಣಕಾಲು ನೋವಿರುವವರಿಗೆ ಕಷ್ಟ. ಅಕ್ರೋತಿರಿಯ ಉತ್ಖನನ ಮಾತ್ರ ಚಾವಣಿಯಡಿ ಇದ್ದು, ನೆರಳಿನಲ್ಲಿ ಕಟ್ಟೆದಾರಿಯ ಮೇಲೆ ನಡೆದೇ ನೋಡಬಹುದು. ಇಡೀ ದಿನ ಸಮತಟ್ಟಿನಲ್ಲಿ ಓಡಾಡಿ, ಬೇಕೆಂದಾಗ ಕಮಾನುಗಳ ಕೆಳಗಿನ ಕಾಫಿ ಅಂಗಡಿಗಳಲ್ಲಿ ಕೂತು ದಣಿವಾರಿಸಿಕೊಳ್ಳಲು ಕೊರ್ಫುವಿನ ಸ್ಪಿಯನಾಡಾ ಮೈದಾನದ ಸುತ್ತಲಿನ ಭಾಗ ಐದರಲ್ಲಿ ಅತ್ಯುತ್ತಮ.